ಭಾವನ ಕ್ಲಚ್ಚಿಲ್ಲದ ಗಾಡಿ

ಹೋದ ತಿಂಗಳು ಹೊಳಲ್ಕೆರೆಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಬಾಗಿಲಲ್ಲೇ ಒಬ್ಬ ಹುಡುಗಿ ತಟ್ಟೆಯ ತುಂಬ ಕೆಂಪು ಶರಬತ್ತಿನ ಲೋಟಗಳನ್ನಿಟ್ಟುಕೊಂಡು ನಿಂತಿದ್ದಳು. ಎಲ್ಲರೂ ತೆಗೆದುಕೊಂಡರು, ಕುಡಿದರು, ಒಳಗೆ ಹೋದರು. ನಾನು ಮಾತ್ರ ಗಾಜಿನ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದೆ. ಆಮೇಲೆ ತೋರುಬೆರಳ ತುದಿಯನ್ನು ಅದ್ದಿ ಹೆಬ್ಬೆರಳಿಗೆ ಉಜ್ಜಿದೆ. ಮೂಗಿನ ಹತ್ತಿರ ತಂದು ಮೂಸಿಯೂ ನೋಡಿದೆ. ಹೆಂಡತಿ ಮೊಣಕೈಯಿಂದ ತಿವಿದಳು.

"ಶರಬತ್ತು ಕಣ್ರೀ ಅದು, ಕುಡೀರಿ. ಹೆಣ್ಣಿನ ಕಡೆಯೋರು ನೋಡ್ತಾ ಅವರೆ."

ಏನು ಮಾಡಲಿ ಹೇಳಿ, ನಲವತ್ತು ವರ್ಷ ಫಿಟರ್ ಆಗಿದ್ದವನ ಬೆರಳು ಇದು. ಒದ್ದೆ ಕಂಡದ್ದನ್ನೆಲ್ಲ ಉಜ್ಜಿ ನೋಡುತ್ತದೆ. ನಾನು ಹೆಣ್ಣು ನೋಡಲು ಹೋದ ದಿನ ಅವರ ಮನೆಯ ಜಗಲಿಯಲ್ಲಿ ಒಂದು ಹೊಲಿಗೆ ಯಂತ್ರ ಕಿರ್ರೆನ್ನುತ್ತಿತ್ತು. ಹುಡುಗಿ ಕಾಫಿ ತರುವಷ್ಟರಲ್ಲಿ ನಾನು ಅದನ್ನು ಬೋರಲು ಹಾಕಿ, ಅಡುಗೆಮನೆಯಿಂದ ಎಣ್ಣೆ ಕೇಳಿ ಇಸಕೊಂಡು, ಎರಡು ಹನಿ ಬಿಟ್ಟು ಸದ್ದು ಅಡಗಿಸಿದ್ದೆ. ಅತ್ತೆ ನನ್ನನ್ನು ಒಪ್ಪಿದ್ದು ಆ ಎರಡು ಹನಿಗೇ ಅಂತ ಇವಳು ಈಗಲೂ ಆಡಿಕೊಳ್ಳುತ್ತಾಳೆ. ಇರಲಿ. ಆದರೆ ಕೆಂಪಗೆ ತೆಳ್ಳಗೆ ಇರುವುದನ್ನು ಕಂಡರೆ ಮಾತ್ರ ನನ್ನ ಎದೆಯಲ್ಲಿ ಸಣ್ಣಗೆ ಏನೋ ಅಲುಗುತ್ತದೆ. ಅಂಥದೊಂದು ಎಣ್ಣೆಯನ್ನು ನಾನು ಒಮ್ಮೆ ನೆಲಕ್ಕೆ ಚೆಲ್ಲಿದ್ದೇನೆ. ಅದರ ಜೊತೆಗೆ ನನ್ನ ಅಕ್ಕನ ಗಂಡನ ಬದುಕೂ ಚೆಲ್ಲಿ ಹೋಗುವುದರಲ್ಲಿತ್ತು.

ಎಪ್ಪತ್ತರ ದಶಕದ ಮಾತು. ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ಒಂದು ಗುಡ್ಡದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಚಿತ್ರದುರ್ಗದ ಒಂದು ಗ್ಯಾರೇಜಿನಲ್ಲಿ ಐದು ವರ್ಷ ಕೆಲಸ ಕಲಿತು ನಾನು ಆ ಗಣಿಯ ಫಿಟರ್ ಆಗಿ ಸೇರಿದ್ದೆ. ಕೆಲಸ ಕೊಡಿಸಿದ್ದು ನನ್ನ ಭಾವ, ಮೈಲಾರಪ್ಪ. ಹಿರೇಗುಂಟನೂರು ಕಡೆಯ ಕುರಿ ಸಾಕುವ ಮನೆತನದವರು. ಇವರು ಮಾತ್ರ ಕುರಿ ಬಿಟ್ಟು ಸ್ಟೀರಿಂಗ್ ಹಿಡಿದಿದ್ದರು. ಗಣಿಯಿಂದ ರಾಮಗಿರಿ ಸ್ಟೇಷನ್ನಿಗೆ ಅದಿರು ಸಾಗಿಸುವ ಲಾರಿಗಳಲ್ಲಿ ಭಾವನ ಲಾರಿ ಬರುವುದನ್ನು ಹಾರನ್ ಇಲ್ಲದೆಯೂ ಹೇಳಬಹುದಿತ್ತು. ಗೇರು ಬದಲಾಯಿಸಿದ್ದು ಕಿವಿಗೆ ಗೊತ್ತೇ ಆಗುತ್ತಿರಲಿಲ್ಲ. ನಮ್ಮ ಅಕ್ಕ ಗೌರಮ್ಮ ಒಲೆ ಮುಂದೆ ಕೂತಿದ್ದವಳು "ಬಂದ್ರು" ಅಂತ ಎದ್ದು ತಟ್ಟೆ ತೊಳೆಯುತ್ತಿದ್ದಳು.

ಒಂದು ದಿನ ಟೈರು ಬದಲಾಯಿಸುವಾಗ ಜಾಕು ಜಾರಿತು. ಭಾವನ ಎಡಗಾಲು ಲಾರಿಯ ಕೆಳಗೆ ಸಿಕ್ಕಿತು. ಕಾಲು ಉಳಿಯಿತು, ಆದರೆ ಮಂಡಿ ಮಡಚದು, ಪಾದದಲ್ಲಿ ಬಲವಿಲ್ಲ, ಮುಟ್ಟಿದರೆ ಅರ್ಧಂಬರ್ಧ ತಿಳಿಯುವುದು. ಎಡಗಾಲಿಲ್ಲದೆ ಕ್ಲಚ್ ಇಲ್ಲ, ಕ್ಲಚ್ ಇಲ್ಲದೆ ಲಾರಿ ಇಲ್ಲ. ಕಂಪನಿಯವರು ಕೈಬಿಡಲಿಲ್ಲ ಅನ್ನಿ, ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿ ಕೂರಿಸಿದರು. ಅಡ್ಡಗಟ್ಟಿದ ಬಿದಿರನ್ನು ಎತ್ತುವುದು, ಇಳಿಸುವುದು. ನಿನ್ನೆವರೆಗೆ ತಾವು ಓಡಿಸುತ್ತಿದ್ದ ಲಾರಿಗೇ ಬಿದಿರು ಎತ್ತುವಾಗ ಭಾವ ಆ ಕಡೆ ನೋಡುತ್ತಿರಲಿಲ್ಲ, ಗುಡ್ಡದ ಕಡೆ ನೋಡುತ್ತಿದ್ದರು. ಹೀಗೆ ಒಂದೂವರೆ ವರ್ಷ.

ಆಗ ಬಂತು ಆ ಗಾಡಿ. ಎಲ್ಲೋ ಅಣೆಕಟ್ಟು ಕಟ್ಟಿ ಮುಗಿಸಿದವರು ಹಳೆಯ ಯಂತ್ರಗಳನ್ನು ಹರಾಜು ಹಾಕಿದ್ದರಂತೆ. ನಮ್ಮ ಮಾಲೀಕರು ಒಂದು ದೊಡ್ಡ ಡಂಪರ್ ಲಾರಿ ಹಿಡಿದು ತಂದರು. ಗುಂಡಿಯಿಂದ ಅದಿರನ್ನು ಮೇಲೆ ರಾಶಿ ಹಾಕುವ ಕಣಕ್ಕೆ ಎತ್ತಿ ತರುವುದಷ್ಟೇ ಅದರ ಕೆಲಸ, ರಸ್ತೆಗೆ ಇಳಿಯುವಂತಿಲ್ಲ. ನಮ್ಮ ಡ್ರೈವರುಗಳೆಲ್ಲ ಒಬ್ಬೊಬ್ಬರಾಗಿ ಹತ್ತಿ ಕೂತು ನೋಡಿ ಗಾಬರಿಯಿಂದ ಇಳಿದರು. ಕೆಳಗೆ ಎರಡೇ ಪೆಡಲು. ಗೇರು ತಾನೇ ಬೀಳುತ್ತದೆ, ತಾನೇ ಏಳುತ್ತದೆ. ಒಬ್ಬನಂತೂ, "ಇದರೊಳಗೆ ಯಾರೋ ಕುಂತವರೆ ಕಣ್ರಪ್ಪೋ," ಅಂದ.

ನಾನು ಗೇಟಿಗೆ ಓಡಿದೆ. "ಭಾವ, ಕ್ಲಚ್ಚೇ ಇಲ್ಲದ ಗಾಡಿ ಬಂದೈತೆ. ಬರ್ರಿ."

"ತಮಾಷೆ ಮಾಡಬ್ಯಾಡ ಹೋಗ್ಲೇ," ಅಂದರು. ಅಂದವರು ಎದ್ದೇಬಿಟ್ಟಿದ್ದರು.

ಓಡಿಸಿ ತೋರಿಸಿದ ಮೇಲೆ ಕಂಪನಿಯವರು ಗಾಡಿಯನ್ನು ಅವರಿಗೇ ಒಪ್ಪಿಸಿದರು. ಮೊದಲ ದಿನಗಳಲ್ಲಿ ಹಳೆಯ ಅಭ್ಯಾಸ ಬಿಡದೆ ಅವರ ಬಲವಿಲ್ಲದ ಕಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತ ಹಂದಾಡುತ್ತಿತ್ತು. ವಾರದೊಳಗೆ ಅದೂ ಸುಮ್ಮನಾಯಿತು. ತುಂಬಿದ ಡಂಪರು ಮೂರು ತಿರುವು ಹತ್ತಿ ಕಣಕ್ಕೆ ಬರುವಾಗ ಭಾವನ ಮುಖ ನೋಡಬೇಕಿತ್ತು ನೀವು. ನಗುತ್ತಿರಲಿಲ್ಲ, ನಗು ಬರದ ಹಾಗೆ ತುಟಿ ಬಿಗಿದುಕೊಂಡಿರುತ್ತಿದ್ದರು. ಅಕ್ಕ ಆ ತಿಂಗಳು ಎಲ್ಲರಿಗೂ ಹೋಳಿಗೆ ಮಾಡಿ ಹಂಚಿದಳು. ಹಬ್ಬ ಯಾವುದೆಂದು ಕೇಳಿದರೆ ಹೇಳಲಿಲ್ಲ.

ಇನ್ನು ನನ್ನ ಜಾಣತನಕ್ಕೆ ಬರುತ್ತೇನೆ. ಗ್ಯಾರೇಜಿನಲ್ಲಿ ನನ್ನ ಮೇಸ್ತ್ರಿ ಕಲಿಸಿದ್ದ ಮೊದಲ ಪಾಠ ಇದು. ಗೇರ್ ಬಾಕ್ಸಿಗೆ ಹಾಕುವ ಎಣ್ಣೆ ಜೋನಿ ಬೆಲ್ಲದ ಹಾಗೆ ಮಂದವಾಗಿರಬೇಕು, ಎರಡು ಬೆರಳ ನಡುವೆ ಎಳೆ ಬರಬೇಕು. ತೆಳು ಎಣ್ಣೆ ಹಾಕುವವನು ಕಳ್ಳ. ಚಿತ್ರದುರ್ಗ ಜಿಲ್ಲೆಯ ಯಾವ ಫಿಟರನ್ನು ಕೇಳಿದ್ದರೂ ಆಗ ಇದನ್ನೇ ಹೇಳುತ್ತಿದ್ದ. ಒಂದು ಸಂಜೆ ನಾನು ಡಂಪರಿನ ಗೇರ್ ಬಾಕ್ಸಿನ ಎಣ್ಣೆ ನೋಡಿದೆ. ಕೆಂಪಗೆ, ನೀರಿನ ಹಾಗೆ! ಉಜ್ಜಿದರೆ ಎಳೆಯೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹರಾಜಿನವರು ಸೀಮೆಎಣ್ಣೆಗೆ ಬಣ್ಣ ಕಲಸಿ ಹಾಕಿ ನಮಗೆ ಟೋಪಿ ಹಾಕಿದ್ದಾರೆ ಅಂದುಕೊಂಡೆ. ಎಣ್ಣೆ ಸುರಿಯುವ ಬಾಯಿಯ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದು ತಗಡು ಇತ್ತು, ನಿಜ. ಅದರಲ್ಲಿ ನನಗೆ ಓದಲು ಬಂದದ್ದು 'ಆಯಿಲ್' ಎಂಬ ಒಂದೇ ಪದ. ಅಷ್ಟು ಸಾಕಲ್ಲ ಅನ್ನಿಸಿತು. ಕೊನೆಯ ಹನಿಯವರೆಗೂ ಕೆಂಪೆಣ್ಣೆ ಇಳಿಸಿ ಮಣ್ಣಿಗೆ ಚೆಲ್ಲಿದೆ. ನಮ್ಮ ಸ್ಟೋರಿನಲ್ಲಿದ್ದ ಒಳ್ಳೆಯ ಮಂದ ಎಣ್ಣೆಯನ್ನು ಕಂಠಮಟ್ಟ ತುಂಬಿದೆ.

"ಭಾವ, ನಿಮ್ಮ ಗಾಡಿಗೆ ಇವತ್ತು ಹಬ್ಬದೂಟ," ಅಂದೆ.

"ನೀನು ಇರೋಗಂಟ ನನಗೇನಪ್ಪ ಚಿಂತೆ," ಅಂದರು ಭಾವ. ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮಾರನೇ ದಿನ ಗಾಡಿ ಸ್ವಲ್ಪ ಭಾರವಾಗಿ ಎಳೆಯಿತು. ಎರಡನೇ ದಿನ ಮಧ್ಯಾಹ್ನ, ತುಂಬಿದ ಗಾಡಿ ಎರಡನೇ ತಿರುವಿನಲ್ಲಿ ನಿಂತುಬಿಟ್ಟಿತು. ಎಂಜಿನ್ ಕಿವುಡಾಗುವಷ್ಟು ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಕೆಳಗಿನಿಂದ ಹೊಗೆ, ಕಮಟು ವಾಸನೆ. ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಭಾವ ಬ್ರೇಕನ್ನು ತುಳಿದು ಹಿಡಿದರು. ನಾವು ನಾಲ್ಕು ಜನ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟೆವು. ಯಾರಿಗೂ ಏನೂ ಆಗಲಿಲ್ಲ. ಗೇರ್ ಬಾಕ್ಸು ಮಾತ್ರ ಬೆಂದು ಹೋಗಿತ್ತು.

ಮ್ಯಾನೇಜರು ಬಂದು ಸುತ್ತ ತಿರುಗಿ ನೋಡಿದರು. ಕೆಟ್ಟವರಲ್ಲ, ಅವರಿಗೂ ಮೇಲಿನವರ ಭಯ. "ಎಡಗಾಲು ಬ್ರೇಕಿನ ಮೇಲೆ ಬಿದ್ದಿರುತ್ತೆ. ಸ್ವಾಧೀನ ಇಲ್ಲದ ಕಾಲು, ಗೊತ್ತಾಗಿಲ್ಲ. ಬ್ರೇಕು ಹಿಡಿದುಕೊಂಡೇ ಏರು ಹತ್ತಿಸಿದರೆ ಬೇಯದೆ ಏನಾಗುತ್ತೆ? ಹದಿನೈದು ದಿನ ನೋಡ್ತೀನಿ. ಸರಿಯಾಗದಿದ್ದರೆ ಗಾಡಿ ಗುಜರಿಗೆ, ಮೈಲಾರಪ್ಪ ಗೇಟಿಗೆ."

ಭಾವ ಬಗ್ಗಿ ತಮ್ಮ ಎಡಗಾಲನ್ನೇ ನೋಡಿಕೊಂಡರು. ಆ ಮಾತನ್ನು ಅವರು ನಂಬಿಬಿಟ್ಟಿದ್ದರು.

ನಾನು ಅದೇ ಸಂಜೆ ಎಣ್ಣೆಯ ಬಿರಟೆ ಬಿಚ್ಚಿದೆ. ಇಳಿದದ್ದು ಎಣ್ಣೆಯಲ್ಲ, ಕರ್ರಗಿನ ಅಂಟು, ಅದರಲ್ಲಿ ಸುಟ್ಟ ಚೂರುಗಳು. ನನಗೆ ಕಾರಣ ತಿಳಿದಿರಲಿಲ್ಲ, ಆದರೆ ತಪ್ಪು ಯಾರದೆಂದು ತಿಳಿಯಿತು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಕೆಲಸ ಹೋಗುತ್ತದೆಂಬ ಭಯವೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅದಲ್ಲ. ಜಿಲ್ಲೆಗೇ ಜಾಣ ಫಿಟರೆಂದು ಮೆರೆಯುತ್ತಿದ್ದವನಿಗೆ ನಾಚಿಕೆ.

ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಹಿತ್ತಲಲ್ಲಿ ಭಾವ ಮಣೆಯ ಮೇಲೆ ಕೂತಿದ್ದರು. ಎಡಪಾದದ ಪಕ್ಕದಲ್ಲಿ ಒಂದು ಇಟ್ಟಿಗೆ ಚೂರು ಇಟ್ಟುಕೊಂಡು, ಕಣ್ಣು ಮುಚ್ಚಿ, ಬಲಗಾಲನ್ನು ಆಡಿಸುತ್ತಿದ್ದರು. ಆಮೇಲೆ ಕಣ್ಣು ಬಿಟ್ಟು, ಎಡಪಾದ ತನಗೆ ತಿಳಿಯದೆ ಇಟ್ಟಿಗೆಯ ಮೇಲೆ ಬಂದಿದೆಯೋ ಅಂತ ಬಗ್ಗಿ ನೋಡುತ್ತಿದ್ದರು. ಮತ್ತೆ ಕಣ್ಣು ಮುಚ್ಚುತ್ತಿದ್ದರು. ನಾನು ಒಳಗೆ ಹೋಗದೆ ಹಾಗೇ ಹಿಂದಕ್ಕೆ ತಿರುಗಿದೆ. ಮಾರನೇ ಬೆಳಿಗ್ಗೆ ಆ ಕರಿ ಎಣ್ಣೆಯನ್ನು ಒಂದು ಸೀಸೆಯಲ್ಲಿ ಹಾಕಿಕೊಂಡು ಹಿರಿಯೂರಿನ ಬಸ್ಸು ಹತ್ತಿದೆ.

ಹಿರಿಯೂರಿನಲ್ಲಿ ಹುಸೇನ್ ಸಾಬರು ಅಂತ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು ಇದ್ದರು. ಅಣೆಕಟ್ಟಿನ ಕೆಲಸಗಳಲ್ಲಿ ಇಂಥ ಯಂತ್ರಗಳ ಜೊತೆಗೇ ಕೂದಲು ಹಣ್ಣು ಮಾಡಿಕೊಂಡವರೆಂದು ಕೇಳಿದ್ದೆ. ಸೀಸೆಯ ಮುಚ್ಚಳ ತೆಗೆದು ಮೂಸಿದವರು ಮುಖ ಕಿವುಚಿದರು.

"ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ?"

"ನಮ್ಮಲ್ಲಿ ಒಬ್ಬ ಫಿಟರು," ಅಂದೆ.

ಸಾಬರು ನನ್ನ ಕೈ ಉಗುರುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಚಹಾ ತರಿಸಿದರು. ಆಮೇಲೆ ತಿಳಿಸಿ ಹೇಳಿದರು. ಎರಡು ಫ್ಯಾನುಗಳನ್ನು ಎದುರುಬದುರು ಇಡು, ಒಂದಕ್ಕೆ ಮಾತ್ರ ಕರೆಂಟು ಕೊಡು. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಕ್ಲಚ್ಚಿನ ಜಾಗದಲ್ಲಿ ಈ ಗಾಡಿಗೆ ಇರುವುದು ಅದೇ, ಟಾರ್ಕ್ ಕನ್ವರ್ಟರ್ ಅಂತಾರೆ. ಗಾಳಿಯ ಬದಲು ಎಣ್ಣೆ. ಎಂಜಿನ್ ಒಂದು ಫ್ಯಾನು ತಿರುಗಿಸುತ್ತದೆ, ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಹಾಗೆ ಓಡಾಡಲು ಎಣ್ಣೆ ತೆಳ್ಳಗೇ ಇರಬೇಕು.

"ಅಂಬಲಿ ಕುಡಿಯೋ ಕೂಸಿನ ಬಾಯಿಗೆ ಮುದ್ದೆ ತುರುಕ್ಯಾನೆ ನಿಮ್ಮ ಫಿಟರು," ಅಂದರು. "ಡ್ರೈವರು ಏನೂ ಮಾಡಿಲ್ಲ. ಯಾರು ಓಡಿಸಿದ್ರೂ ಸುಡ್ತಿತ್ತು."

ನಾನು ಚಹಾದ ಲೋಟ ಕೆಳಗಿಟ್ಟೆ. "ಆ ಫಿಟರು ನಾನೇ, ಸಾಬರೆ. ಡ್ರೈವರು ನಮ್ಮ ಭಾವ."

"ಗೊತ್ತಾತು. ಬೇರೆಯೋರ ತಪ್ಪಿಗೆ ಯಾರೂ ಬಸ್ಸು ಹತ್ತಿ ಬರಾಕಿಲ್ಲ." ಎದ್ದು ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಗೋಣಿಚೀಲ ಸರಿಸಿದರೆ ಒಂದು ಕನ್ವರ್ಟರು, ದೊಡ್ಡ ಕುಂಬಳಕಾಯಿಯ ಗಾತ್ರದ್ದು. "ಇದು ಭಾರ ಎಳೆಯೋ ಗಾಡೀದು. ನಿಮ್ಮದಕ್ಕಿಂತ ಬಿಗಿ. ಒಳಗೆ ಜಾರೋದು ಕಮ್ಮಿ, ಜಾರೋದು ಕಮ್ಮಿಯಾದ್ರೆ ಬಿಸಿ ಕಮ್ಮಿ. ಗೇರ್ ಬಾಕ್ಸಿನೊಳಗೆ ಸುಟ್ಟಿರೋ ಪ್ಲೇಟಿಗೂ ಬದಲಿ ಅವೆ. ಆದರೆ ಅಷ್ಟೇ ಸಾಲದು, ಎಣ್ಣೆ ತಣ್ಣಗಾಗಾಕೆ ಬೇರೆ ದಾರಿ ಮಾಡಬೇಕು. ಮೊದ್ಲು ಮನೆಗೆ ಹೋಗಿ ಹೇಳು. ನಾಳಿದ್ದು ನಾನೇ ಬರ್ತೀನಿ."

ಸಂಜೆಯ ಬಸ್ಸಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅಕ್ಕನ ಮನೆಯ ಹೊಸಿಲು ದಾಟಿದ್ದೇ ಜೋಡಿಸಿದ್ದೆಲ್ಲ ಹಾರಿಹೋಯಿತು. ಭಾವ ಊಟಕ್ಕೆ ಕೂತಿದ್ದರು, ಅಕ್ಕ ಬಡಿಸುತ್ತಿದ್ದಳು. ನಾನು ನಿಂತೇ ಹೇಳಿದೆ, ಕೆಂಪೆಣ್ಣೆ ಚೆಲ್ಲಿದ್ದು, ಮಂದ ಎಣ್ಣೆ ತುಂಬಿದ್ದು, ಮೊದಲ ದಿನವೇ ಅನುಮಾನ ಬಂದರೂ ಬಾಯಿ ಮುಚ್ಚಿಕೊಂಡಿದ್ದು. ಭಾವ ಬೈಯುತ್ತಾರೆಂದು ಕಾದೆ. ಹೊಡೆದರೂ ಸೈ ಅಂದುಕೊಂಡಿದ್ದೆ.

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿದ್ದು ಒಂದೇ ಮಾತು.

"ಹಂಗಾರೆ ನನ್ನ ಕಾಲಿಂದ ಅಲ್ಲ?"

"ಅಲ್ಲ ಭಾವ."

"ಬ್ರೇಕಿನ ಮ್ಯಾಲೆ ಬಿದ್ದಿರಲಿಲ್ಲ?"

"ಇಲ್ಲ ಭಾವ. ಯಾರು ಓಡಿಸಿದ್ರೂ ಸುಡ್ತಿತ್ತಂತೆ."

"ನನ್ನ ಕಾಲಿಂದ ಅಲ್ಲ," ಅಂತ ಈ ಸಲ ಅಕ್ಕನ ಕಡೆ ತಿರುಗಿ ಹೇಳಿದರು. ಹೇಳಿ, ತಟ್ಟೆ ನೋಡುತ್ತ ಕೂತರು. ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ಎಂಟು ದಿನ ಆ ಮನುಷ್ಯ ತನ್ನ ಮೈಯನ್ನೇ ಅನುಮಾನಿಸಿಕೊಂಡು ಬದುಕಿದ್ದರು. ನಾನು ಚೆಲ್ಲಿದ ಎಣ್ಣೆಗಿಂತ, ಆಡದೆ ನುಂಗಿಕೊಂಡ ಮಾತು ಅವರನ್ನು ಹೆಚ್ಚು ಸುಟ್ಟಿತ್ತು.

ಸಿಟ್ಟು ಬಂದದ್ದು ಅಕ್ಕನಿಗೆ. "ಅವರು ಹಿತ್ತಲಾಗೆ ಕುಂತು ಕಾಲು ನೋಡ್ಕಳೋದನ್ನ ದಿನಾ ನೋಡೀನಿ ಕಣೋ ನಾನು," ಅಂದಳು. ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಮ್ಯಾನೇಜರಿಗೂ ಹೇಳಿದೆ. ಅವರು ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಒಂದು ವರ್ಷ ಫಿಟರ್ ಕೆಲಸದಿಂದ ಇಳಿಸಿ ಗ್ರೀಸು ಹಾಕುವ ಕೆಲಸಕ್ಕೆ ಹಾಕಿದರು. ಗಾಡಿ ಸರಿಮಾಡಲು ಕೊಟ್ಟ ಗಡುವು ಮಾತ್ರ ಹಾಗೇ ಉಳಿಯಿತು, ಇನ್ನು ಆರು ದಿನ.

ಹುಸೇನ್ ಸಾಬರು ಮಾತಿನಂತೆ ಬಂದರು. ಗೇರ್ ಬಾಕ್ಸು ಬಿಚ್ಚಿ, ಅಂಟನ್ನೆಲ್ಲ ತೊಳೆದು, ಪ್ಲೇಟು ಬದಲಾಯಿಸಿ, ಬಿಗಿ ಕನ್ವರ್ಟರನ್ನು ಕೂರಿಸಿದೆವು. ಎಣ್ಣೆ ತಣ್ಣಗಾಗಲು ರೇಡಿಯೇಟರಿನ ಮುಂದೆ ಗಾಳಿಗೆ ಒಡ್ಡಿದಂತೆ ಒಂದು ತಾಮ್ರದ ಕೊಳವೆಯನ್ನು ಸುತ್ತುಸುತ್ತಾಗಿ ಕಟ್ಟಬೇಕು, ಎಣ್ಣೆ ಅದರಲ್ಲಿ ಹರಿದು ಆರಿಕೊಂಡು ಒಳಗೆ ಹೋಗಬೇಕು. ಕೊಳವೆಯನ್ನು ಬರಿದೇ ಬಗ್ಗಿಸಿದರೆ ಚಪ್ಪಟೆಯಾಗುತ್ತದೆ. ಅದಕ್ಕೆ ಸಾಬರು ಹಿರಿಯೂರಿನ ಹೊಳೆಯ ಸಣ್ಣ ಮರಳನ್ನು ಚೀಲದಲ್ಲಿ ತಂದಿದ್ದರು. ಕೊಳವೆಯೊಳಗೆ ಮರಳು ತುಂಬಿ, ಎರಡೂ ತುದಿಗೆ ಬೆಣೆ ಹೊಡೆದು, ದುಂಡಗಿನ ಯಾವುದಕ್ಕಾದರೂ ಒತ್ತಿ ಬಗ್ಗಿಸಬೇಕು. ದುಂಡಗಿನದು ಎಲ್ಲಿದೆ? ನಾನು ಅಕ್ಕನ ಮನೆಗೆ ಹೋಗಿ ರಾಗಿ ಬೀಸುವ ಕಲ್ಲು ಕೇಳಿದೆ. ಅವಳು ಕಲ್ಲಿನ ಮೇಲಿದ್ದ ಹಿಟ್ಟು ಒರೆಸಿ, ಸೆರಗು ಸಿಕ್ಕಿಸಿ, ಒಂದು ಕಡೆ ತಾನೇ ಹಿಡಿದು ಎತ್ತಿದಳು. ಗಾಡಿಯವರೆಗೂ ಇಬ್ಬರೂ ಹೊತ್ತುಕೊಂಡು ಹೋದೆವು, ಒಂದು ಮಾತಿಲ್ಲದೆ. ಕೊಳವೆ ಬಗ್ಗಿಸಿ ಮುಗಿಯುವವರೆಗೂ ಅವಳು ಅಲ್ಲೇ ನಿಂತು ನೋಡಿದಳು.

ಪರೀಕ್ಷೆಯ ದಿನ ಬಂತು. ತುಂಬಿದ ಗಾಡಿ ಹತ್ತು ಸಲ ಹತ್ತಬೇಕು, ಎಣ್ಣೆಯ ಬಿಸಿ ತೋರಿಸಲು ಸಾಬರು ಹಾಕಿದ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಬಾರದು, ಇದು ಮ್ಯಾನೇಜರ ಕರಾರು. ಬೆಳಿಗ್ಗೆ ಹೊಸ ಕೆಂಪೆಣ್ಣೆಯ ಡಬ್ಬ ತಂದಿಟ್ಟರು. ನನಗೆ ಮುಟ್ಟಲು ಧೈರ್ಯವಾಗಲಿಲ್ಲ. ಗಣಿಯಲ್ಲಿದ್ದ ಇನ್ನೊಬ್ಬ ಹಿರಿಯ ಫಿಟರಿಗೆ ಡಬ್ಬ ಕೊಟ್ಟು ಪಕ್ಕಕ್ಕೆ ಸರಿದೆ.

ಮೇಲಿನ ಸೀಟಿನಿಂದ ಭಾವ ಬಗ್ಗಿ ನೋಡಿದರು. "ಅವ್ರಲ್ಲ ಕಣ್ಲೇ. ನೀನೇ ಹಾಕು."

ಹಾಕಿದೆ. ಅರ್ಧ ಲೋಟದಷ್ಟು ಮಣ್ಣಿಗೂ ಬಿತ್ತು.

ಎಂಜಿನ್ ಓಡುತ್ತಿರುವಾಗಲೇ ಈ ಗಾಡಿಯ ಎಣ್ಣೆ ನೋಡಬೇಕೆಂದು ಸಾಬರು ಕಲಿಸಿದ್ದರು, ಹಾಗೇ ನೋಡಿದೆ. ಭಾವ ಗಾಡಿಯನ್ನು ಗುಂಡಿಗೆ ಇಳಿಸಿದರು. ಏರಿನಲ್ಲಿ ಗೇರು ತಾನಾಗಿ ಏರಿಳಿಯಲು ಬಿಡದೆ ಕೋಲನ್ನು ಮೊದಲನೇ ಗೇರಿನಲ್ಲೇ ಹಿಡಿದು ನಿಧಾನ ಹತ್ತಿಸಿದರು. ಒಂದು, ಎರಡು, ಆರು ಸಲ. ಮುಳ್ಳು ಮೇಲೇರಿತು, ಕೆಂಪಿಗೆ ಬೆರಳಗಲ ಉಳಿಯಿತು. ಆಗ ನೆತ್ತಿಯ ಮೇಲೆ ಬಿಸಿಲು. ಭಾವ ಗಾಡಿಯನ್ನು ಬೇವಿನ ಮರದ ನೆರಳಿಗೆ ತಂದು, ಎಂಜಿನ್ನನ್ನು ಸಣ್ಣಗೆ ಓಡಲು ಬಿಟ್ಟು, ಇಳಿದು ಬಂಡೆಯ ಮೇಲೆ ಕೂತುಬಿಟ್ಟರು.

"ಇನ್ನೂ ನಾಲ್ಕು ಐತಲ್ಲ ಮೈಲಾರಪ್ಪ?" ಅಂದರು ಮ್ಯಾನೇಜರು, ಗಡಿಯಾರ ನೋಡುತ್ತ.

"ಐತೆ ಸಾರ್. ಈ ಹೊತ್ತಿನಾಗೆ ಕುರೀನೂ ಮೇಯಲ್ಲ. ತಲೆ ಬಗ್ಗಿಸ್ಕಂಡು ನೆಳ್ಳಿಗೆ ನಿಂತ್ಕಂತಾವೆ. ಅವನ್ನ ಹೊಡ್ಕಂಡು ಹೋದ್ರೆ ಸಾಯ್ತಾವೆ. ನಮ್ಮಪ್ಪ ಒಂದು ದಿನನೂ ಹೊಡೆದೋನಲ್ಲ."

"ಇದು ಕುರಿ ಅಲ್ಲ ಕಣಯ್ಯ."

"ಉಸಿರು ಬಿಡ್ತೈತಲ್ಲ ಸಾರ್," ಅಂದರು ಭಾವ, ಕೂತಲ್ಲಿಂದ ಏಳಲಿಲ್ಲ.

ಒಂದೂವರೆ ಗಂಟೆ ಹೀಗೇ ಕಳೆಯಿತು. ಮ್ಯಾನೇಜರು ಅತ್ತಿಂದಿತ್ತ ನಡೆದರು. ಕೆಲಸಗಾರರು ದೂರದಲ್ಲಿ ನಿಂತು ನೋಡಿದರು. ಅಕ್ಕ ಬುತ್ತಿ ತಂದಳು. ಭಾವನಿಗೆ ಒಂದು ರೊಟ್ಟಿ ಕೊಟ್ಟಳು, ಸಾಬರಿಗೆ ಕೊಟ್ಟಳು. ಆಮೇಲೆ ನನ್ನ ಮುಂದೆ ಬಂದು, "ತಿಪ್ಪೇಶಿ, ತಿನ್ನು," ಅಂದಳು. ಐದು ದಿನದ ಮೇಲೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದೆ. ರೊಟ್ಟಿಯನ್ನು ಎರಡೂ ಕೈಯಲ್ಲಿ ಇಸಕೊಂಡೆ.

ಬಿಸಿಲು ವಾಲಿದಾಗ ಮುಳ್ಳು ಅರ್ಧಕ್ಕೆ ಇಳಿದಿತ್ತು. ಭಾವ ಎದ್ದು ಉಳಿದ ನಾಲ್ಕು ಸಲವನ್ನೂ ಹತ್ತಿಸಿದರು. ಹತ್ತನೆಯ ಸಲ ಗಾಡಿ ಕಣಕ್ಕೆ ಬಂದು ಅದಿರು ಸುರಿದಾಗ ಮ್ಯಾನೇಜರು ತಾವೇ ಮೇಲೆ ಹತ್ತಿ ಮೀಟರು ನೋಡಿ ಇಳಿದರು. "ನಾಳೆಯಿಂದ ಹೀಗೇ ನಡೀಲಿ. ಮಧ್ಯಾಹ್ನದ ಹೊತ್ತು ನಿಲ್ಲಿಸು, ಬೆಳಿಗ್ಗೆ ಬೇಗ ಶುರು ಮಾಡು," ಅಂದು ಹೊರಟುಹೋದರು.

ಭಾವ ನನ್ನ ಕಡೆ ತಿರುಗಿದರು. "ಕೇಳಿದ್ಯೇನಲೇ? ಬೇಗ ಬಾ. ಎಣ್ಣೆ ನೋಡಬೇಕು."

ಆ ಗಾಡಿಯನ್ನು ಅವರು ಮುಂದೆ ಆರು ವರ್ಷ ಓಡಿಸಿದರು. ಗ್ರೀಸು ಹಾಕುತ್ತಿದ್ದ ವರ್ಷವೂ ಸೇರಿ ಪ್ರತಿದಿನ ಬೆಳಿಗ್ಗೆ ನಾನು ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿ, ಒರೆಸಿ, "ಸರಿ ಐತೆ ಭಾವ" ಅನ್ನುತ್ತಿದ್ದೆ. ಫಿಟರು ನೋಡಿದ ಮೇಲೆ ಡ್ರೈವರು ತಾನೂ ಒಂದು ಸಲ ಕಡ್ಡಿ ಎಳೆದು ನೋಡುವುದು ನಮ್ಮ ಗಣಿಯಲ್ಲಿ ಎಲ್ಲರ ಪದ್ಧತಿ, ಅದರಲ್ಲಿ ಅವಮಾನವೇನಿಲ್ಲ. ಭಾವನೂ ಹಾಗೆ ನೋಡಲಿ ಅಂತ ನಾನು ಕಡ್ಡಿಯನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದೆ. ಆರು ವರ್ಷದಲ್ಲಿ ಒಂದು ದಿನವೂ ಅವರು ನೋಡಲಿಲ್ಲ.